ಇನಾರಿಯ ಸೀಡಾ ಮ್ಯೂಸಿಯಂ: ವೇಷದ ಪ್ಯಾಕೇಜ್ ಬಿಡಿ, ಬಸ್ ಹತ್ತಿ

ಫಿನ್‌ಲ್ಯಾಂಡ್‌ಗೆ ಓದಲು ಹೊರಟಿರುವ ಮೈಸೂರು, ಮಂಡ್ಯ ಕಡೆಯವರು ನನಗೆ ಮೆಸೇಜ್ ಹಾಕಿದರೆ ಕೇಳುವುದು ಇಷ್ಟೇ. ರೂಮ್ ಬಾಡಿಗೆ ಎಷ್ಟಾಗುತ್ತೆ, ಪಾರ್ಟ್ ಟೈಮ್ ಕೆಲಸ ಸಿಗುತ್ತಾ, ಆಕಾಶದಲ್ಲಿ ಹಸಿರು ಬೆಳಕು ಯಾವಾಗ ಕಾಣುತ್ತೆ. ಬಾಡಿಗೆ ಜಾಸ್ತಿ. ಕೆಲಸ ಅಲ್ಲಿನ ಭಾಷೆ ಕಲಿತರೆ ಸಿಗುತ್ತೆ. ಬೆಳಕು ಮೋಡ ಇಲ್ಲದ ರಾತ್ರಿ ಕಾಣುತ್ತೆ. ಮುಗೀತು. ಈಗ ಯಾರೂ ಕೇಳದ ಒಂದು ಜಾಗದ ರಿವ್ಯೂ ಬರೆಯುತ್ತೇನೆ: ಫಿನ್‌ಲ್ಯಾಂಡ್‌ನ ಉತ್ತರದಲ್ಲಿರುವ ಇನಾರಿ ಅನ್ನುವ ಊರಿನ ಸೀಡಾ ಮ್ಯೂಸಿಯಂ. ಅದು ಸಾಮಿ ಜನರ ಮ್ಯೂಸಿಯಂ. 2024ರಲ್ಲಿ ಯೂರೋಪಿನ ವರ್ಷದ ಮ್ಯೂಸಿಯಂ ಪ್ರಶಸ್ತಿ ಇದಕ್ಕೇ ಬಂತು. ಪ್ಯಾರಿಸ್ಸಿನಲ್ಲೋ ಬರ್ಲಿನ್ನಿನಲ್ಲೋ ಇರುವ ದೊಡ್ಡ ಕಟ್ಟಡಕ್ಕಲ್ಲ, ಕೆರೆ ದಡದ ಈ ಸಣ್ಣ ಊರಿಗೆ.

ಸಾಮಿ ಅಂದರೆ ಯಾರು ಅಂತ ಬೇಗ ಹೇಳಿಬಿಡುತ್ತೇನೆ. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾ, ಈ ನಾಲ್ಕು ದೇಶಗಳ ಉತ್ತರದ ತುದಿಯಲ್ಲಿ ಇರುವ ಮೂಲನಿವಾಸಿಗಳು. ಗಡಿಗಳು ಆಮೇಲೆ ಬಂದವು, ಜನ ಮೊದಲೇ ಇದ್ದರು. ಎಲ್ಲ ಸೇರಿ 75 ಸಾವಿರದಿಂದ 1 ಲಕ್ಷ ಅನ್ನುವ ಅಂದಾಜಿದೆ. ಫಿನ್‌ಲ್ಯಾಂಡ್‌ನಲ್ಲಿ ಸುಮಾರು 10 ಸಾವಿರ. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಈಗ ಹೆಲ್ಸಿಂಕಿ, ಔಲು, ರೊವಾನಿಯೆಮಿಯಂಥ ಪಟ್ಟಣಗಳಲ್ಲಿ ಇದ್ದಾರೆ. ಸಾಮಿ ಅಂದ ತಕ್ಷಣ ಹಿಮಸಾರಂಗದ ಗಾಡಿ ಕಣ್ಣ ಮುಂದೆ ಬರುತ್ತೆ ಅಲ್ವಾ? ರೊವಾನಿಯೆಮಿಯ ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ರೂಮಿನ ಸಾಮಿ ಹುಡುಗಿ ಕಾನೂನು ಓದುತ್ತಿದ್ದಳು. ಅವಳ ಮನೆಯವರು ಇನಾರಿ ಸಾಮಿ, ತಲೆತಲಾಂತರದಿಂದ ಮೀನು ಹಿಡಿಯುವವರು.

ಮೊದಲು ಏನು ಬೇಡ ಅಂತ ಹೇಳುತ್ತೇನೆ. ರೊವಾನಿಯೆಮಿಯಲ್ಲಿ ಸಾಂತಾ ಕ್ಲಾಸ್ ಹಳ್ಳಿ ಇದೆ, ನೆಲದ ಮೇಲೆ ಆರ್ಕ್ಟಿಕ್ ವೃತ್ತದ ಗೆರೆ ಇದೆ, ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಿ, ತಪ್ಪೇನಿಲ್ಲ. ಆದರೆ ಊರಿನ ಸುತ್ತಮುತ್ತ 'ಸಾಮಿ ಅನುಭವ' ಅಂತ ಮಾರುವ ಪ್ಯಾಕೇಜ್‌ಗಳಲ್ಲಿ ಕೆಲವು ಇವೆ ನೋಡಿ, ಅವುಗಳ ಬಗ್ಗೆ ಹುಷಾರು. ನಾನು ದುಡ್ಡು ಕೊಟ್ಟು ಹೋದ ಒಂದರಲ್ಲಿ, ಹೆಸರು ಬೇಡ, ಒಬ್ಬ ನೀಲಿ ಕೆಂಪು ಬಟ್ಟೆ ತೊಟ್ಟು ಡೋಲು ಬಡಿದು, ನಮ್ಮ ಹಣೆಗೆ ಮಸಿ ಹಚ್ಚಿ, ಕತ್ತಿನ ಹಿಂದೆ ಚಾಕುವಿನ ಹಿಡಿ ಒತ್ತಿ, ನೀವೀಗ ಆರ್ಕ್ಟಿಕ್ ದಾಟಿದ್ದೀರಿ ಅಂತ ಸರ್ಟಿಫಿಕೇಟ್ ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದ ರೂಮಿನವಳಿಗೆ ಫೋಟೊ ತೋರಿಸಿದೆ. ಅವಳು ಝೂಮ್ ಮಾಡಿ ನೋಡಿ, 'ಈ ಬಟ್ಟೆ ಯಾವ ಊರಿನದೂ ಅಲ್ಲ' ಅಂದಳು, ಅಷ್ಟೇ. ಸಾಮಿ ಉಡುಪಿಗೆ ಗಾಕ್ತಿ ಅನ್ನುತ್ತಾರೆ. ಅದರ ಪಟ್ಟಿ, ಬಣ್ಣ, ಟೋಪಿ, ಬೆಲ್ಟು ನೋಡಿದರೆ ಗೊತ್ತಿದ್ದವರು ಯಾವ ಊರು, ಎಷ್ಟೋ ಸಲ ಯಾವ ಮನೆತನ ಅಂತಲೂ ಹೇಳುತ್ತಾರೆ. ಅದನ್ನು ಯಾರೋ ಕೂಲಿಗೆ ಬಂದವನಿಗೆ ತೊಡಿಸಿ ಡೋಲು ಬಡಿಸಿದರೆ ಹೊಟ್ಟೆ ಉರಿಯದೆ ಇರುತ್ತಾ? ಇಂಥದ್ದು ಜಾಸ್ತಿಯಾಗಿಯೇ 2018ರಲ್ಲಿ ಫಿನ್‌ಲ್ಯಾಂಡ್‌ನ ಸಾಮಿ ಸಂಸತ್ತು, ಅಂದರೆ ಸಾಮಿಗಳೇ ಆರಿಸುವ ಅವರ ಸಭೆ, ಪ್ರವಾಸೋದ್ಯಮಕ್ಕೆ ನೀತಿಸೂಚಿ ಮಾಡಬೇಕಾಯಿತು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಏನಿದೆ ಅಂತ ಯೋಚಿಸಿದೆ. ದಸರಾ ಮೆರವಣಿಗೆಯಲ್ಲಿ ಪೂಜಾ ಕುಣಿತದವರು ಸಯ್ಯಾಜಿರಾವ್ ರಸ್ತೆಯಲ್ಲಿ ನಮ್ಮ ಮುಂದೆ ಒಂದು ಗಳಿಗೆ ಕುಣಿದು ಮುಂದಕ್ಕೆ ಹೋಗುತ್ತಾರೆ. ಹಿಂದಿನ ತಂಡ ತಳ್ಳುತ್ತಿರುತ್ತೆ. ಅದೇ ಕುಣಿತವನ್ನು ಮಂಡ್ಯ ಕಡೆಯ ಹಳ್ಳಿಯಲ್ಲಿ ದೇವಿ ಹಬ್ಬದ ರಾತ್ರಿ ನೋಡಿದ್ದೀರಾ? ಆ ಬಿದಿರಿನ ಚೌಕಟ್ಟು ಹೊತ್ತವನು ಯಾರ ಮಗ, ಯಾವ ಹರಕೆ, ಯಾಕೆ ಇವತ್ತೇ, ಎಲ್ಲ ನೋಡುವವರಿಗೂ ಗೊತ್ತಿರುತ್ತೆ. ಹೋಗಲಿ, ದಸರಾದಲ್ಲಿ ಕುಣಿಯುವವರಾದರೂ ಅಸಲಿ ಕಲಾವಿದರು. ರೊವಾನಿಯೆಮಿಯಲ್ಲಿ ನಾನು ನೋಡಿದ್ದು ಅದೂ ಅಲ್ಲ.

ಸರಿ, ಸೀಡಾಗೆ ಬರೋಣ.

ರೊವಾನಿಯೆಮಿಯಿಂದ ಸುಮಾರು 325 ಕಿಲೋಮೀಟರ್. ಬಸ್ಸಿನಲ್ಲಿ ಹೆಚ್ಚುಕಮ್ಮಿ ಐದು ಗಂಟೆ. ಸೊದಾನ್‌ಕ್ಯುಲಾ, ಇವಾಲೊ ದಾಟಿ ಹೋಗುತ್ತೆ. ರಸ್ತೆ ಚೆನ್ನಾಗಿದೆ, ಸೀಟು ಚೆನ್ನಾಗಿದೆ, ವಿದ್ಯಾರ್ಥಿ ಕಾರ್ಡ್ ಇದ್ದರೆ ಟಿಕೆಟ್‌ನಲ್ಲಿ ರಿಯಾಯಿತಿಯೂ ಸಿಗುತ್ತೆ. ದಾರಿಯುದ್ದಕ್ಕೂ ಪೈನ್ ಮರ, ಹಿಮ, ಮತ್ತೆ ಪೈನ್ ಮರ. ನಡುವೆ ಹಿಮಸಾರಂಗ ರಸ್ತೆ ಮಧ್ಯೆ ನಿಂತಿರುತ್ತೆ, ಡ್ರೈವರ್ ಹಾರ್ನ್ ಕೂಡ ಹೊಡೆಯದೆ ಕಾಯುತ್ತಾನೆ. ನಂಜನಗೂಡು ರಸ್ತೆಯ ಡ್ರೈವರ್‌ಗಳನ್ನು ನೆನೆಸಿಕೊಂಡು ನಗು ಬಂತು.

ಊರಿನ ಬೋರ್ಡು ನೋಡಿದಾಗಲೇ ಇಲ್ಲಿ ಏನೋ ಬೇರೆ ಇದೆ ಅನ್ನಿಸುತ್ತೆ. ಒಂದೇ ಊರಿನ ಹೆಸರು ನಾಲ್ಕು ಭಾಷೆಯಲ್ಲಿ: ಫಿನ್ನಿಷ್, ಉತ್ತರ ಸಾಮಿ, ಇನಾರಿ ಸಾಮಿ, ಸ್ಕೋಲ್ಟ್ ಸಾಮಿ. ಫಿನ್‌ಲ್ಯಾಂಡ್‌ನಲ್ಲಿ ನಾಲ್ಕು ಅಧಿಕೃತ ಭಾಷೆ ಇರುವ ಪುರಸಭೆ ಇದೊಂದೇ. ಊರಿನ ಪಕ್ಕದಲ್ಲೇ ಇನಾರಿ ಸರೋವರ, ಸಾವಿರಕ್ಕೂ ಜಾಸ್ತಿ ಚದರ ಕಿಲೋಮೀಟರ್, ಮೂರು ಸಾವಿರಕ್ಕೂ ಮೇಲೆ ದ್ವೀಪಗಳು. ನಮ್ಮ ಕೆಆರ್‌ಎಸ್ ಹಿನ್ನೀರು ತುಂಬಿ ನಿಂತಾಗ ಸುಮಾರು 130 ಚದರ ಕಿಲೋಮೀಟರ್. ಲೆಕ್ಕ ಹಾಕಿಕೊಳ್ಳಿ. ಚಳಿಗಾಲದಲ್ಲಿ ಇನಾರಿ ಸರೋವರ ಪೂರ್ತಿ ಹೆಪ್ಪುಗಟ್ಟಿ ಜನ ಅದರ ಮೇಲೆ ಸ್ನೋಮೊಬೈಲ್ ಓಡಿಸುತ್ತಾರೆ.

ಮ್ಯೂಸಿಯಂ ಶುರುವಾಗಿದ್ದು 1959ರಲ್ಲಿ, ಬಯಲು ಮ್ಯೂಸಿಯಂ ಆಗಿ. ಆ ಹೊತ್ತಿಗೆ ಫಿನ್‌ಲ್ಯಾಂಡ್‌ನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡ್‌ನಲ್ಲಿ ಹಳೆಯ ಮನೆಗಳೇ ಕಮ್ಮಿ ಉಳಿದಿದ್ದವು. 1944ರಲ್ಲಿ ಹಿಂದಕ್ಕೆ ಹೋಗುತ್ತಿದ್ದ ಜರ್ಮನ್ ಸೈನ್ಯ ಊರೂರನ್ನೇ ಸುಟ್ಟು ಹೋಗಿತ್ತು. ರೊವಾನಿಯೆಮಿಯಂತೂ ಹೆಚ್ಚುಕಮ್ಮಿ ಪೂರ್ತಿ ಬೂದಿ. ಉಳಿದ ಮರದ ಮನೆ, ಉಗ್ರಾಣ, ಬೇಟೆಯ ಬೋನುಗಳನ್ನು ಸಾಮಿ ಜನರೇ ಹುಡುಕಿ ತಂದು ಇಲ್ಲಿ ನಿಲ್ಲಿಸಿದರು. ಈಗಿನ ಸೀಡಾ ಕಟ್ಟಡ ಬಂದದ್ದು 1998ರಲ್ಲಿ. ಆಮೇಲೆ ಅದನ್ನು ದೊಡ್ಡದು ಮಾಡಿ, ಹೊಸ ಪ್ರದರ್ಶನ ಹಾಕಿ 2022ರಲ್ಲಿ ಮತ್ತೆ ತೆರೆದರು.

ಕಟ್ಟಡ ಯಾಕೆ ದೊಡ್ಡದು ಮಾಡಿದರು ಅನ್ನುವುದರಲ್ಲೇ ನನಗೆ ಈ ಮ್ಯೂಸಿಯಂ ಯಾಕೆ ಇಷ್ಟವಾಯಿತು ಅನ್ನುವುದು ಇದೆ. ಹೆಲ್ಸಿಂಕಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಸಾಮಿ ವಸ್ತುಗಳ ದೊಡ್ಡ ಸಂಗ್ರಹ ಇತ್ತು. ಬಟ್ಟೆ, ಚಾಕು, ತೊಟ್ಟಿಲು, ಬೆಲ್ಟು, ದಿನಬಳಕೆಯ ಸಾಮಾನು. ಮಾಡಿದವರ ಮೊಮ್ಮಕ್ಕಳು ಅದನ್ನು ನೋಡಬೇಕಾದರೆ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ ಹೋಗಬೇಕು. 2021ರಲ್ಲಿ ಆ ಪೂರ್ತಿ ಸಂಗ್ರಹ, 2,200ಕ್ಕೂ ಜಾಸ್ತಿ ವಸ್ತುಗಳು, ಸೀಡಾಗೆ ವಾಪಸ್ ಬಂದವು. ಸಾಲ ಕೊಟ್ಟದ್ದಲ್ಲ, ಪೂರ್ತಿ ಹಕ್ಕಿನ ಸಮೇತ ಕೊಟ್ಟದ್ದು. ಅವನ್ನು ಇಡಲು ಜಾಗ ಬೇಕಿತ್ತು, ಕಟ್ಟಡ ಬೆಳೆಯಿತು.

ಇದನ್ನು ಓದುವ ಶ್ರೀರಂಗಪಟ್ಟಣದವರಿಗೆ ಹೊಟ್ಟೆಯಲ್ಲಿ ಸ್ವಲ್ಪ ಸಂಕಟವಾಗದೆ ಇರುತ್ತಾ? ಟಿಪ್ಪುವಿನ ಮರದ ಹುಲಿ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1799ರಲ್ಲಿ ಹೋದದ್ದು. ದರಿಯಾ ದೌಲತ್ ನೋಡಿ ಬಂದ ನಮ್ಮ ಊರಿನ ಮಕ್ಕಳು ಆ ಹುಲಿಯನ್ನು ನೋಡುವುದು ಯೂಟ್ಯೂಬ್‌ನಲ್ಲಿ.

ವಾಪಸ್ ಬಂದದ್ದನ್ನು ಏನು ಮಾಡುತ್ತಾರೆ ಅನ್ನುವುದು ಇನ್ನೂ ಮುಖ್ಯ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಲೈಟು ಹಾಕಿ ಮುಗಿಸುವುದಿಲ್ಲ. ಕೈಕೆಲಸದವರು ಹಳೆಯ ವಸ್ತುಗಳನ್ನು ನೋಡಿ, ಹೊಲಿಗೆ ಹೇಗೆ ಹಾಕಿದ್ದಾರೆ, ಯಾವ ಚರ್ಮ ಬಳಸಿದ್ದಾರೆ ಅಂತ ಕಲಿಯುತ್ತಾರೆ. ಒಂದು ಉದಾಹರಣೆ ನನಗೆ ತುಂಬ ಹಿಡಿಸಿತು. ನಾರ್ವೆ ಮತ್ತು ಫಿನ್‌ಲ್ಯಾಂಡ್‌ನ ಉತ್ತರ ಭಾಗದ ಸಾಮಿ ಹೆಂಗಸರು ಒಂದು ಕಾಲದಲ್ಲಿ ತಲೆಯ ಹಿಂದೆ ಕೊಂಬಿನ ಹಾಗೆ ಎದ್ದು ನಿಲ್ಲುವ ಟೋಪಿ ಹಾಕುತ್ತಿದ್ದರು, ಒಳಗೆ ಮರದ ಅಚ್ಚು. ಆ ಕೊಂಬಿನಲ್ಲಿ ದೆವ್ವ ಕೂತಿದೆ ಅಂತ ಪಾದ್ರಿಗಳು ಹೆದರಿಸಿದರಂತೆ. 19ನೇ ಶತಮಾನ ಮುಗಿಯುವ ಹೊತ್ತಿಗೆ ಟೋಪಿ ಮಾಯವಾಯಿತು. ಮ್ಯೂಸಿಯಂಗಳಲ್ಲಿ ಮಾತ್ರ ಒಂದಷ್ಟು ಉಳಿದವು. ಈಗ ಸಾಮಿ ಹೆಂಗಸರು ಅವೇ ಹಳೆಯ ಟೋಪಿಗಳ ಅಳತೆ ತೆಗೆದು, ಒಟ್ಟಿಗೆ ಕೂತು ಹೊಲಿದು, ಮದುವೆ ಮುಂಜಿಗೆ ಅಂತೀವಲ್ಲ, ಹಾಗೆ ಹಬ್ಬದ ದಿನ ಹಾಕಿಕೊಳ್ಳುತ್ತಿದ್ದಾರೆ. ಅಜ್ಜಿಯ ಅಜ್ಜಿ ಹೆದರಿ ಬಿಟ್ಟದ್ದನ್ನು ಮೊಮ್ಮಗಳು ಮತ್ತೆ ತಲೆ ಮೇಲೆ ಇಟ್ಟಿದ್ದಾಳೆ. ಹಳೆಯ ಟೋಪಿಗಳು ಉಳಿಯದೇ ಹೋಗಿದ್ದರೆ, ಅವನ್ನು ಮುಟ್ಟಿ ನೋಡಲು ಬಿಡದೇ ಹೋಗಿದ್ದರೆ, ಇದು ಆಗುತ್ತಲೇ ಇರಲಿಲ್ಲ.

ಒಳಗಿನ ಮುಖ್ಯ ಪ್ರದರ್ಶನದ ಹೆಸರು, ಕನ್ನಡದಲ್ಲಿ ಹೇಳುವುದಾದರೆ, 'ಈ ನೆಲಗಳು ನಮ್ಮ ಮಕ್ಕಳು'. ಪ್ರಕೃತಿಗೆ ಒಂದು ಕೋಣೆ, ಜನರಿಗೆ ಇನ್ನೊಂದು ಕೋಣೆ ಅಂತ ಮಾಡಿಲ್ಲ. ಒಂದೇ ಜಾಗದಲ್ಲಿ ಮೀನು, ಕಾಡು, ಹಿಮ, ಬಟ್ಟೆ, ಹಾಡು, ಶಾಲೆ, ಎಲ್ಲ ಒಂದರೊಳಗೊಂದು. ಸಾಮಿ ಲೆಕ್ಕದಲ್ಲಿ ವರ್ಷಕ್ಕೆ ಎಂಟು ಕಾಲ, ಹಿಮಸಾರಂಗ ಏನು ಮಾಡುತ್ತೆ ಅನ್ನುವುದರ ಮೇಲೆ. ಮಳೆ ನಕ್ಷತ್ರಗಳ ಹೆಸರು ಹೇಳಿ ಬಿತ್ತನೆ ಮಾಡುವ ನಮ್ಮ ಮಳವಳ್ಳಿ ಚಿಕ್ಕಪ್ಪನಿಗೆ ಇದನ್ನು ವಿವರಿಸಲು ನನಗೆ ಏನೂ ಕಷ್ಟವಾಗಲಿಲ್ಲ. 'ಆರಿದ್ರಾ ಇದ್ದಂಗೆ ತಾನೇ?' ಅಂದರು. ಹೌದು ಅಂದೆ.

ಹಿಮಸಾರಂಗದ ಭಾಗ ನಿಧಾನವಾಗಿ ನೋಡಿ. ಬೇಸಿಗೆಯಲ್ಲಿ ಮರಿಗಳನ್ನು ಒಟ್ಟುಗೂಡಿಸಿ ಕಿವಿಯಲ್ಲಿ ಚಾಕುವಿನಿಂದ ಗುರುತು ಕತ್ತರಿಸುತ್ತಾರೆ. ಪ್ರತಿಯೊಬ್ಬ ಮಾಲೀಕನಿಗೂ ತನ್ನದೇ ಗುರುತು. ಓಡುತ್ತಿರುವ ಹಿಂಡಿನಲ್ಲಿ ಕಿವಿ ನೋಡಿ ಇದು ಇಂಥವರದು ಅಂತ ಹೇಳುವವರು ಇದ್ದಾರೆ. ಬಂಡೂರು ಕುರಿ ಸಾಕುವವರು ಮಂಡ್ಯ ಕಡೆ ಬೇಕಾದಷ್ಟು ಜನ ಇದ್ದಾರಲ್ಲ, ಅವರಿಗೆ ಒಂದು ಎಚ್ಚರಿಕೆ. ಸಾಮಿ ಮನೆಗೆ ಹೋಗಿ 'ನಿಮ್ಮ ಹತ್ತಿರ ಎಷ್ಟು ಹಿಮಸಾರಂಗ ಇವೆ' ಅಂತ ಕೇಳಬಾರದು. ಬ್ಯಾಂಕ್ ಪಾಸ್‌ಬುಕ್ ತೋರಿಸಿ ಅಂತ ಕೇಳಿದಂತಾಗುತ್ತೆ. ಇನ್ನೊಂದು ವಿಷಯ ನನಗೆ ಗೊತ್ತಿರಲಿಲ್ಲ. ನಾರ್ವೆಯ ಉತ್ತರದಲ್ಲಿ ಹಿಮಸಾರಂಗ ಸಾಕುವ ಹಕ್ಕು ಸಾಮಿಗಳಿಗೆ ಮಾತ್ರ. ಫಿನ್‌ಲ್ಯಾಂಡ್‌ನಲ್ಲಿ ಹಾಗಿಲ್ಲ, ಆ ಪ್ರದೇಶದಲ್ಲಿ ವಾಸ ಇರುವ ಬೇರೆಯವರೂ ಸಾಕಬಹುದು. ಹಾಗಾಗಿ ರೊವಾನಿಯೆಮಿಯಲ್ಲಿ ಹಿಮಸಾರಂಗ ಕಂಡ ಕಡೆಯಲ್ಲೆಲ್ಲ ಸಾಮಿ ಇದ್ದಾರೆ ಅಂದುಕೊಳ್ಳಬೇಡಿ.

ಈಗಿನ ದೊಡ್ಡ ತಲೆನೋವು ಚಳಿಗಾಲದ ಮಳೆ. ಹಿಮದ ಮೇಲೆ ಮಳೆ ಬಿದ್ದು ಮತ್ತೆ ಹೆಪ್ಪುಗಟ್ಟಿದರೆ ಮಂಜುಗಡ್ಡೆಯ ಪದರ ಆಗುತ್ತೆ. ಹಿಮಸಾರಂಗ ಹಿಮ ಕೆರೆದು ಕೆಳಗಿನ ಕಲ್ಲುಹೂವು ತಿನ್ನುವ ಪ್ರಾಣಿ, ಅದಕ್ಕೆ ಗಡ್ಡೆ ಒಡೆಯಲು ಆಗುವುದಿಲ್ಲ. ಸಾಕುವವರು ದುಡ್ಡು ಕೊಟ್ಟು ಹುಲ್ಲು ತಂದು ಹಾಕಬೇಕು. ನಮ್ಮ ಕಡೆ ಮಳೆ ಬರದಿದ್ದರೆ ಮೇವಿಗೆ ಸಾಲ, ಅವರಿಗೆ ಮಳೆ ಬಂದರೆ ಸಾಲ.

ಇನ್ನು ಅಣೆಕಟ್ಟಿನ ವಿಷಯ. ಇದು ಮಂಡ್ಯದವರು ಓದಲೇಬೇಕಾದ ಭಾಗ. ನಮ್ಮ ಅಜ್ಜಿ ಮನೆಯ ಭತ್ತ, ಕಬ್ಬು ಎರಡೂ ವಿಶ್ವೇಶ್ವರಯ್ಯ ನಾಲೆಯ ನೀರಿನದು. ಅಣೆಕಟ್ಟು ಅಂದರೆ ನಮಗೆ ಕೈ ಮುಗಿಯುವ ವಿಷಯ. ಮನೆಯ ಗೋಡೆಯಲ್ಲಿ ವಿಶ್ವೇಶ್ವರಯ್ಯನವರ ಫೋಟೊ ಇದೆ, ನಾಲ್ವಡಿಯವರ ಫೋಟೊ ಇದೆ. 1911ರಲ್ಲಿ ಶುರುವಾದ ಆ ಕೆಲಸಕ್ಕೆ ಕನ್ನಂಬಾಡಿ ಅನ್ನುವ ಊರೇ ಮುಳುಗಿತು ಅನ್ನುವುದು ನಮಗೆ ಗೊತ್ತು, ಆದರೆ ಅದು ಹಿನ್ನೀರು ಇಳಿದಾಗ ಕಾಣುತ್ತಿದ್ದ ದೇವಸ್ಥಾನದ ಕತೆಯಾಗಿ ಗೊತ್ತು. ಬಸ್ಸಿನಲ್ಲಿ ಸೊದಾನ್‌ಕ್ಯುಲಾ ದಾಟುವಾಗ, ಜೊತೆಗಿದ್ದ ಆ ಪಕ್ಕದ ರೂಮಿನ ಗೆಳತಿ ಕಿಟಕಿಯಾಚೆ ಕೈ ತೋರಿಸಿ ಹೇಳಿದಳು, ಆ ಕಡೆ ಲೊಕ್ಕ ಜಲಾಶಯ ಇದೆ ಅಂತ. 1967ರಲ್ಲಿ ಕರೆಂಟಿಗಾಗಿ ನೀರು ನಿಲ್ಲಿಸಿದರು. ಜೌಗು ನೆಲ, ಹಿಮಸಾರಂಗ ಮೇಯುವ ಜಾಗ, ಹಳ್ಳಿಗಳು, ಎಲ್ಲ ಒಳಗೆ. ಅವಳು ಸಿಟ್ಟಿನಿಂದ ಏನೂ ಹೇಳಲಿಲ್ಲ. ನಾನೂ ಕಾವೇರಿ ನೀರು ಕುಡಿದು ಬೆಳೆದವಳು, ಏನು ಹೇಳಲಿ?

ನಾರ್ವೆಯಲ್ಲಿ ಜನ ಸುಮ್ಮನಿರಲಿಲ್ಲ. ಆಲ್ಟಾ ನದಿಗೆ ಅಣೆಕಟ್ಟು ಕಟ್ಟಲು ಹೊರಟಾಗ ಮೊದಲ ಯೋಜನೆಯಲ್ಲಿ ಮಾಸೆ ಅನ್ನುವ ಸಾಮಿ ಹಳ್ಳಿ ಮುಳುಗಬೇಕಿತ್ತು. 1979ರಲ್ಲಿ ಓಸ್ಲೊದ ಸಂಸತ್ತಿನ ಮುಂದೆ ಡೇರೆ ಹಾಕಿ ಉಪವಾಸ ಕೂತರು. 1981ರಲ್ಲಿ ಕೊರೆಯುವ ಚಳಿಯಲ್ಲಿ ಸರಪಳಿ ಬಿಗಿದುಕೊಂಡು ದಾರಿಯಲ್ಲಿ ಕೂತವರನ್ನು ನೂರಾರು ಪೊಲೀಸರು ಎತ್ತಿ ಹಾಕಿದರು. ಅಣೆಕಟ್ಟು ಬಂತು, 1987ರಲ್ಲಿ ಮುಗಿಯಿತು. ಆದರೆ ಹಳ್ಳಿ ಉಳಿಯಿತು, ಮತ್ತು ಆ ಗಲಾಟೆಯಿಂದ ಎದ್ದ ಪ್ರಶ್ನೆಗಳಿಂದಲೇ 1989ರಲ್ಲಿ ನಾರ್ವೆಗೆ ಸಾಮಿ ಸಂಸತ್ತು ಬಂತು. ಸ್ವೀಡನ್‌ನಲ್ಲಿ 1993, ಫಿನ್‌ಲ್ಯಾಂಡ್‌ನಲ್ಲಿ ಈಗಿನ ರೂಪದಲ್ಲಿ 1996. ಫಿನ್‌ಲ್ಯಾಂಡ್‌ನ ಸಾಮಿ ಸಂಸತ್ತು ಇನಾರಿಯಲ್ಲೇ ಇದೆ. ಸಾಯೊಸ್ ಅನ್ನುವ ಕಟ್ಟಡ, 2012ರದ್ದು, ಸೀಡಾದಿಂದ ನಡೆದು ಹೋಗುವಷ್ಟೇ ದೂರ. ಅದನ್ನೂ ನೋಡಿ ಬನ್ನಿ.

ಭಾಷೆಯ ಬಗ್ಗೆ ಬರೆಯದಿದ್ದರೆ ರಿವ್ಯೂ ಅರ್ಧ. ಯುದ್ಧದ ನಂತರ ಸಾಮಿ ಮಕ್ಕಳನ್ನು ದೂರದ ಶಾಲೆಗಳ ಹಾಸ್ಟೆಲ್‌ಗೆ ಹಾಕಿದರು, ಅಲ್ಲಿ ಎಲ್ಲವೂ ಫಿನ್ನಿಷ್. ಮನೆಗೆ ಬರುವ ಹೊತ್ತಿಗೆ ಅಪ್ಪ ಅಮ್ಮನ ಮಾತು ಬಾಯಿಂದ ಜಾರಿರುತ್ತಿತ್ತು. ಇನಾರಿ ಸಾಮಿ ಮಾತಾಡುವವರು ಕೆಲವು ನೂರು ಜನ, ಅದೂ ಹೆಚ್ಚಿನವರು ವಯಸ್ಸಾದವರು ಅನ್ನುವ ಸ್ಥಿತಿ ಬಂದಾಗ 1997ರಲ್ಲಿ ಒಂದು ಶಿಶುವಿಹಾರ ಶುರು ಮಾಡಿದರು. ಅಲ್ಲಿ ಮಕ್ಕಳಿಗೆ ಪಾಠ ಇಲ್ಲ. ನೋಡಿಕೊಳ್ಳುವವರು ಬೆಳಗಿಂದ ಸಂಜೆವರೆಗೆ ಇನಾರಿ ಸಾಮಿಯಲ್ಲೇ ಮಾತಾಡುತ್ತಾರೆ, ಅಷ್ಟೇ. ನ್ಯೂಜಿಲೆಂಡ್‌ನ ಮಾವೊರಿಗಳಿಂದ ಕಲಿತ ಉಪಾಯ. ಆಮೇಲೆ ನೋಡಿದರೆ ಮಕ್ಕಳಿಗೂ ಅಜ್ಜ ಅಜ್ಜಿಗೂ ಭಾಷೆ ಬರುತ್ತೆ, ನಡುವಿನ ಅಪ್ಪ ಅಮ್ಮನಿಗೆ ಬರಲ್ಲ. ಹಾಗಾಗಿ 2009–10ರಲ್ಲಿ ದೊಡ್ಡವರನ್ನು ಒಂದು ವರ್ಷ ಪೂರ್ತಿ ಕೂರಿಸಿ ಕಲಿಸಿದರು. ಅವರಲ್ಲಿ ಎಷ್ಟೋ ಜನ ಈಗ ಆ ಭಾಷೆಯಲ್ಲೇ ಕೆಲಸ ಮಾಡುತ್ತಾರೆ. ಕೆಲವು ನೂರು ಜನರ ಭಾಷೆಗೆ ಇಷ್ಟೆಲ್ಲ! ಕುವೆಂಪುನಗರದಲ್ಲಿ ನನ್ನ ಅಕ್ಕನ ಮಗ 'ಐವತ್ತೊಂಬತ್ತು ಅಂದ್ರೆ ಫಿಫ್ಟಿನೈನಾ ಸಿಕ್ಸ್ಟಿನೈನಾ' ಅಂತ ಕೇಳುತ್ತಾನೆ. ನಾವು ಕೋಟಿಗಟ್ಟಲೆ ಇದ್ದೇವೆ ಅನ್ನುವ ಧೈರ್ಯ.

ಸ್ಕೋಲ್ಟ್ ಸಾಮಿಗಳ ಕತೆ ಇನ್ನೂ ಬೇರೆ. ಅವರ ಊರುಗಳಿದ್ದ ಪೆತ್ಸಾಮೊ ಪ್ರದೇಶ ಯುದ್ಧದಲ್ಲಿ ಸೋವಿಯತ್ ಪಾಲಾಯಿತು. ಅವರು ಈ ಕಡೆಗೆ ಬಂದರು, 1949ರಲ್ಲಿ ಇನಾರಿಯ ಉತ್ತರಕ್ಕೆ ಸೆವೆತ್ತಿಯಾರ್ವಿಯಲ್ಲಿ ನೆಲೆ ನಿಂತರು. ಪಂಥ ಆರ್ಥೊಡಾಕ್ಸ್ ಕ್ರೈಸ್ತ, ಭಾಷೆ ಬೇರೆ, ಹೆಂಗಸರ ಟೋಪಿ ನೋಡಿದರೆ ಮದುವೆ ಆಗಿದೆಯೋ ಇಲ್ಲವೋ ಗೊತ್ತಾಗುತ್ತೆ. ಸಾಮಿ ಅಂದರೆ ಒಂದೇ ಗುಂಪು ಅಂದುಕೊಂಡಿರುವವರಿಗೆ ಇದು ಒಳ್ಳೆಯ ಪಾಠ.

ಹಾಡು ಇಷ್ಟಪಡುವವರು ಯೊಯ್ಕ್ ಅನ್ನುವ ಸಾಮಿ ಹಾಡು ಕೇಳಿ. ಒಬ್ಬ ಮನುಷ್ಯನಿಗೆ ಅವನದೇ ಒಂದು ಯೊಯ್ಕ್ ಇರುತ್ತೆ, ಅದನ್ನು ಸಾಮಾನ್ಯವಾಗಿ ಬೇರೆಯವರು ಕಟ್ಟಿ ಕೊಡುತ್ತಾರೆ. ಮಾತು ಕಮ್ಮಿ, ಕೆಲವು ಸಲ ಇರುವುದೇ ಇಲ್ಲ. ಚರ್ಚಿನವರು ಇದನ್ನೂ ಪಾಪ ಅಂದಿದ್ದರು. ಮಳವಳ್ಳಿ ತಾಲ್ಲೂಕಿನ ಬೊಪ್ಪಗೌಡನಪುರದ ಮಂಟೇಸ್ವಾಮಿ ಮಠದ ಕಡೆ ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವುದನ್ನು ಕೇಳಿ ಬೆಳೆದವಳಿಗೆ ಮೊದಲು ಇದು ತೀರಾ ಚಿಕ್ಕದಾಯಿತು ಅನ್ನಿಸಿತು. ಕತೆ ಎಲ್ಲಿ, ಪದ ಎಲ್ಲಿ ಅಂತ. ಎರಡನೇ ಸಲ ಕೇಳಿದಾಗ ಹಿಡಿಸಿತು.

ಊಟ. ಮ್ಯೂಸಿಯಂನಲ್ಲೇ ರೆಸ್ಟೋರೆಂಟ್ ಇದೆ, ಕಿಟಕಿಯಿಂದ ಸರೋವರ ಕಾಣುತ್ತೆ. ಆ ಕಡೆಯ ಊಟ ಅಂದರೆ ತೆಳ್ಳಗೆ ಸೀಳಿ ಬೆಣ್ಣೆಯಲ್ಲಿ ಬಾಡಿಸಿದ ಹಿಮಸಾರಂಗದ ಮಾಂಸ, ಜೊತೆಗೆ ಆಲೂಗಡ್ಡೆ ಮುದ್ದೆ, ಹುಳಿ ಹುಳಿ ಲಿಂಗನ್‌ಬೆರಿ. ಸಾಲ್ಮನ್ ಮೀನಿನ ಸೂಪ್ ಕೂಡ ಚೆನ್ನಾಗಿರುತ್ತೆ. ಖಾರ ಅನ್ನುವ ಮಾತೇ ಇಲ್ಲ. ನಮ್ಮ ಕಡೆ ಬಾಡೂಟ ತಿಂದವರಿಗೆ ಸಪ್ಪೆ ಅನ್ನಿಸುತ್ತೆ, ಬ್ಯಾಗಿನಲ್ಲಿ ಚಟ್ನಿಪುಡಿ ಇರಲಿ. ಅಮ್ಮನಿಗೆ ಫೋನ್‌ನಲ್ಲಿ ಹೇಳಿದರೆ, 'ಅಲ್ಲ ಕಣೇ, ಸಾಂತಾಕ್ಲಾಸ್ ಗಾಡಿ ಎಳೆಯೋ ಜಿಂಕೆನೇ ತಿಂದ್ಯಾ?' ಅಂತ ನೊಂದುಕೊಂಡರು. ಸಸ್ಯಾಹಾರಿಗಳಿಗೆ ಉತ್ತರದಲ್ಲಿ ಆಯ್ಕೆ ಕಮ್ಮಿ, ಮೊದಲೇ ಕೇಳಿಕೊಳ್ಳಿ. ಆದರೆ ಮಾಂಸ ಮೀನು ಇಲ್ಲದ್ದು ಒಂದಿದೆ. ಬೆಂಕಿಯಲ್ಲಿ ಸುಟ್ಟ ಚೀಸ್, ಕಚ್ಚಿದರೆ ಹಲ್ಲಿಗೆ ಕಿರ್ ಅನ್ನುತ್ತೆ. ಅದನ್ನು ತುಂಡು ಮಾಡಿ ಬಿಸಿ ಕಾಫಿಯೊಳಗೆ ಹಾಕುತ್ತಾರೆ. ಕಾಫಿ ಕುಡಿದು, ಕೆಳಗೆ ಉಳಿದ ಮೆತ್ತಗಿನ ಚೀಸನ್ನು ಚಮಚದಲ್ಲಿ ತಿನ್ನುವುದು. ಫಿಲ್ಟರ್ ಕಾಫಿಗೆ ಹಾಕಿದರೆ ಹೇಗಿರುತ್ತೆ ಅಂತ ಊರಿಗೆ ಬಂದು ಪನ್ನೀರಿನಲ್ಲಿ ಮಾಡಿ ನೋಡಿದೆ. ಬೇಡ, ಮಾಡಬೇಡಿ.

ಅಂಗಡಿಗೆ ಕಾಸು ಇಟ್ಟುಕೊಂಡು ಹೋಗಿ. ಸಾಮಿ ಕೈಕೆಲಸಕ್ಕೆ ದುವೊಜಿ ಅನ್ನುತ್ತಾರೆ. 'ಸಾಮಿ ದುವೊಜಿ' ಅನ್ನುವ ಗುರುತಿನ ಚೀಟಿ ಇದ್ದರೆ ಅದು ಸಾಮಿ ಕುಶಲಕರ್ಮಿಯೇ ಮಾಡಿದ್ದು. ಈ ಗುರುತು 1982ರಿಂದ ಇದೆ. ಮೈಸೂರಿನವರಿಗೆ ಇದನ್ನು ಹೇಳಿಕೊಡಬೇಕಾ? ಕೆಎಸ್‌ಐಸಿ ಸೀರೆಯ ಸೆರಗಿನ ನಂಬರು ಹುಡುಕಿ ನೋಡಿಯೇ ಬಿಲ್ ಹಾಕಿಸುವ ಜನ ನಾವು. ಮರದ ಬಟ್ಟಲು ಏರ್‌ಪೋರ್ಟಿನಲ್ಲೂ ಸಿಗುತ್ತೆ, ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತೆ. ಬರ್ಚ್ ಮರದ ಗಂಟನ್ನು ಕೈಯಲ್ಲೇ ಕೆತ್ತಿದ ಅಸಲಿ ಬಟ್ಟಲಿನ ಬೆಲೆ ಕೇಳಿ ನಾನು ನಯವಾಗಿ ವಾಪಸ್ ಇಟ್ಟೆ. ಕೈಮಗ್ಗದಲ್ಲಿ ನೇಯ್ದ ಸಣ್ಣ ಪಟ್ಟಿಯೊಂದನ್ನು ತಂದೆ, ಅದೇ ವಿದ್ಯಾರ್ಥಿ ಬಜೆಟ್‌ಗೆ ಸರಿ.

ಊರಿಗೆ ಬಂದಮೇಲೆ ಇಲ್ಲಿನ ಮ್ಯೂಸಿಯಂಗಳನ್ನು ಮತ್ತೆ ನೋಡುವ ಆಸೆ ಬಂತು. ಭೋಪಾಲದ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರ ನಮ್ಮ ಮೈಸೂರಿನ ವೆಲ್ಲಿಂಗ್ಟನ್ ಹೌಸ್‌ನಲ್ಲಿದೆ ಅಂತ ನನ್ನ ಗೆಳೆಯರಲ್ಲಿ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಮಾನಸಗಂಗೋತ್ರಿಯ ಜಾನಪದ ಸಂಗ್ರಹಾಲಯವನ್ನು 1960ರ ದಶಕದಲ್ಲಿ ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಅವರು ಹಳ್ಳಿ ಹಳ್ಳಿ ತಿರುಗಿ ಕಟ್ಟಿದರು. ಸೋಮನ ಮುಖವಾಡ, ತೊಗಲುಗೊಂಬೆ, ಕೃಷಿ ಸಾಮಾನು, ಎಲ್ಲ. ಅವರು ಆಗ ತರದಿದ್ದರೆ ಎಷ್ಟೋ ವಸ್ತು ಒಲೆಗೆ ಹೋಗಿರುತ್ತಿತ್ತು. ಅದರ ಬೆಲೆ ದೊಡ್ಡದು. ಈಗ ನನ್ನ ತಲೆಯಲ್ಲಿ ಇರುವುದು ಮುಂದಿನ ಹೆಜ್ಜೆ. ಎಚ್.ಡಿ. ಕೋಟೆಯ ಹಾಡಿಯಲ್ಲಿ ಹುಟ್ಟಿದ ಜೇನು ಕುರುಬರ ಹುಡುಗಿಯೊಬ್ಬಳು ತನ್ನ ಜನರ ವಸ್ತುವಿನ ಪಕ್ಕದ ಬೋರ್ಡನ್ನು ತಾನೇ ಬರೆಯುವುದು ಯಾವಾಗ? ಕಾಡಿನಿಂದ ಹೊರಗೆ ಬಂದದ್ದು ಹೇಗೆ, ಕಬಿನಿ ಹಿನ್ನೀರು ಬಂದಾಗ ಏನಾಯಿತು, ಅವಳ ಮಾತಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅರಣ್ಯದ ಮೇಲೆ ಸಮುದಾಯದ ಹಕ್ಕು ಸಿಕ್ಕಿತು, ಹುಲಿ ರಕ್ಷಿತಾರಣ್ಯದ ಒಳಗೇ. ಹಾಗಾದರೆ ಮ್ಯೂಸಿಯಂ ಯಾಕೆ ಆಗಬಾರದು? ದುಡ್ಡಿಲ್ಲ ಅನ್ನಬೇಡಿ, ದಸರಾ ದೀಪಾಲಂಕಾರದ ಬಿಲ್ ನೋಡಿ ಆಮೇಲೆ ಮಾತಾಡೋಣ.

ರೇಟಿಂಗ್ ಕೇಳುವವರಿಗೆ, ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ದೂರಕ್ಕೆ, ಅದು ಮ್ಯೂಸಿಯಂನ ತಪ್ಪಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಓದುವುದು ಜಾಸ್ತಿ ಇದೆ, ಅವಸರದಲ್ಲಿ ಒಂದು ಸುತ್ತು ಹಾಕಿ ಬರುವ ಜಾಗ ಅಲ್ಲ. ಸೆಲ್ಫಿ ಮಾತ್ರ ಬೇಕಿದ್ದರೆ ಸಾಂತಾ ಹಳ್ಳಿಯೇ ಸಾಕು.

ಯಾವಾಗ ಹೋಗಬೇಕು? ಬಯಲು ಮ್ಯೂಸಿಯಂ ಏಳು ಹೆಕ್ಟೇರ್ ಇದೆ, ಅದನ್ನು ನೆಟ್ಟಗೆ ನೋಡಬೇಕಾದರೆ ಹಿಮ ಕರಗಿದ ಮೇಲೆ ಹೋಗಿ. ಆಗ ರಾತ್ರಿಯೂ ಬೆಳಕು, ಆದರೆ ಸೊಳ್ಳೆ ಮಂಡ್ಯದ ಗದ್ದೆ ಬಯಲನ್ನೂ ಮೀರಿಸುತ್ತೆ. ಡಿಸೆಂಬರ್‌ನಿಂದ ಜನವರಿ ಮೊದಲ ಭಾಗದವರೆಗೆ ಸೂರ್ಯ ಹುಟ್ಟುವುದೇ ಇಲ್ಲ, ಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಬೆಳಕು ಅಷ್ಟೇ. ಜನವರಿಯಲ್ಲಿ ಮೂಲನಿವಾಸಿಗಳ ಸಿನಿಮಾ ಹಬ್ಬ ಸ್ಕಾಬ್ಮಗೋವತ್ ನಡೆಯುತ್ತೆ, ಹಿಮದಲ್ಲೇ ಕಟ್ಟಿದ ಬಯಲು ಥಿಯೇಟರ್‌ನಲ್ಲಿ ಕೂತು ಸಿನಿಮಾ ನೋಡುವುದು. ಥರ್ಮಲ್ಸ್ ಎರಡು ಜೊತೆ ಹಾಕಿಕೊಳ್ಳಿ, ಹೀರೋಯಿಸಂ ಬೇಡ. ಫೆಬ್ರವರಿ 6 ಸಾಮಿಗಳ ರಾಷ್ಟ್ರೀಯ ದಿನ. 1917ರಲ್ಲಿ ನಾರ್ವೆಯ ಟ್ರಾನ್‌ಹೈಮ್‌ನಲ್ಲಿ ಬೇರೆ ಬೇರೆ ಕಡೆಯ ಸಾಮಿಗಳು ಮೊದಲ ಸಲ ಸಭೆ ಸೇರಿದ ದಿನ. ಅವತ್ತು ಅಸಲಿ ಗಾಕ್ತಿ ತೊಟ್ಟವರು ರಸ್ತೆ ತುಂಬ ಇರುತ್ತಾರೆ. ಫೋಟೊ ತೆಗೆಯುವ ಮೊದಲು ಕೇಳಿ, ಬೇಡ ಅಂದರೆ ಕ್ಯಾಮೆರಾ ಒಳಗೆ. ಚಳಿಗಾಲದ ಕೊನೆಗೆ ಹೆಪ್ಪುಗಟ್ಟಿದ ಸರೋವರದ ಮೇಲೆ ಹಿಮಸಾರಂಗದ ರೇಸ್ ಇದೆ. ಗಾಡಿ ಇರುವುದಿಲ್ಲ, ಸ್ಕೀ ಕಟ್ಟಿಕೊಂಡ ಮನುಷ್ಯನನ್ನು ಅದು ಎಳೆದುಕೊಂಡು ಓಡುತ್ತೆ. ಎತ್ತಿನ ಗಾಡಿ ಓಟಕ್ಕೆ ಹಳ್ಳಿ ಹಳ್ಳಿ ಸುತ್ತುವ ನಮ್ಮ ಹುಡುಗರು ಇದಕ್ಕೆ ಕಾಸು ಕೂಡಿಡಬಹುದು.

ತೆರೆಯುವ ಸಮಯ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತೆ, ಸೀಡಾ ವೆಬ್‌ಸೈಟ್ ನೋಡಿಕೊಂಡೇ ಹೊರಡಿ. ಉತ್ತರದ ಕಡೆ ಬಸ್ಸುಗಳು ದಿನಕ್ಕೆ ಬೆರಳೆಣಿಕೆಯಷ್ಟು. ಒಂದೇ ದಿನಕ್ಕೆ ಹೋಗಿ ಬರುವ ಪ್ಲಾನ್ ಹಾಕಬೇಡಿ, ಐದು ಗಂಟೆ ಹೋಗುವುದು ಐದು ಗಂಟೆ ಬರುವುದು ಅಂದರೆ ನೋಡಲು ಏನೂ ಉಳಿಯಲ್ಲ. ಇನಾರಿಯಲ್ಲಿ ಒಂದು ರಾತ್ರಿ ಉಳಿಯಿರಿ. ರೂಮು ದುಬಾರಿ, ಇಬ್ಬರು ಮೂವರು ಸೇರಿ ಹೋದರೆ ಹಂಚಿಕೊಳ್ಳಬಹುದು.